ಮೆಥ್ ಅನುಮಾನ ಬಂದಾಗ: ಪೊಟ್ಟಣಕ್ಕಿಂತ ಮೊದಲು ನಿದ್ದೆ ನೋಡಿ

ಶಿವಮೊಗ್ಗದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನಿಗೆ ಬರುವ ಪ್ರಶ್ನೆಗಳಲ್ಲಿ ಜ್ವರ, ಶುಗರ್, ಮಂಡಿನೋವಿನವೇ ಹೆಚ್ಚು. ಈಚೆಗೆ ಇನ್ನೊಂದು ಸೇರಿಕೊಂಡಿದೆ. ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ ಒಳಗೆ ಬರುತ್ತಾರೆ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ದನಿ ತಗ್ಗಿಸಿ ಕೇಳುತ್ತಾರೆ: "ಮಗನ ಬ್ಯಾಗಲ್ಲಿ ಸಿಕ್ತು. ಇದು ಅದೇನಾ?" ಸಾಗರದ ಕಡೆಯವರೂ ಕೇಳಿದ್ದಾರೆ, ತೀರ್ಥಹಳ್ಳಿ ಕಡೆಯವರೂ ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಬದಲು ಒಂದು ಕಡೆ ಬರೆದಿಡುತ್ತಿದ್ದೇನೆ.

ಫೋಟೊ ನೋಡಿ ಇದು ಮೆಥ್ ಎಂಬ ಮಾದಕ ವಸ್ತುವೇ ಎಂದು ಹೇಳಲು ನನ್ನಿಂದಾಗದು. ಯಾರಿಂದಲೂ ಆಗದು. ಆದರೆ ಹುಡುಗನ ಹದಿನೈದು ದಿನದ ನಿದ್ದೆ, ಊಟ, ಮಾತು ಹೇಗಿದೆ ಎಂದು ನೀವು ಹೇಳಿದರೆ, ಎಷ್ಟು ಅವಸರ ಮಾಡಬೇಕು, ಎಲ್ಲಿಗೆ ಹೋಗಬೇಕು ಎಂದು ಹೇಳಬಲ್ಲೆ.

ಶುರು ಮಾಡಲು ಬೇಕಾದ್ದು ಇಷ್ಟೇ: ಒಂದು ಹಾಳೆ, ಪೆನ್ನು, ಒಂದಿಷ್ಟು ತಾಳ್ಮೆ, ಮನೆಯಲ್ಲಿ ಬಾಯಿ ಬಿಗಿ ಹಿಡಿಯಬಲ್ಲ ಇನ್ನೊಬ್ಬರು. ಬೀದಿಯವರಿಗೆ, ನೆಂಟರಿಗೆ ಈಗಲೇ ಹೇಳುವುದು ಬೇಡ.

1. ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಮೆಥಾಂಫೆಟಮೈನ್ ಎಂಬ ಉದ್ದದ ಹೆಸರನ್ನು ಮೊಟಕು ಮಾಡಿ ಮೆಥ್ ಎನ್ನುತ್ತಾರೆ. ಹರಳಿನ ರೂಪದ್ದಕ್ಕೆ ಕ್ರಿಸ್ಟಲ್, ಐಸ್ ಎಂಬ ಹೆಸರುಗಳಿವೆ. ಇದು ಉತ್ತೇಜಕ, ಅಂದರೆ ಮೆದುಳನ್ನೂ ಹೃದಯವನ್ನೂ ಓಡಿಸುವ ವಸ್ತು. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ; ಹಸಿದಾಗ ಊಟ ಸಿಕ್ಕರೆ, ಗೆದ್ದಾಗ ಯಾರಾದರೂ ಹೊಗಳಿದರೆ ಅದು ಅಳತೆಯಲ್ಲಿ ಒಸರುತ್ತದೆ. ಮೆಥ್ ಅದನ್ನು ಒಮ್ಮೆಗೇ ಸುರಿಸಿಬಿಡುತ್ತದೆ. ಕುಡಿದ ಕಾಫಿಯ ಅಂಶ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಸಾಕು. ಮೆಥ್ ಅರ್ಧಕ್ಕೆ ಇಳಿಯಲು ಸುಮಾರು 10 ಗಂಟೆ ಬೇಕು. ಅದಕ್ಕೇ ಒಂದು ಸಲ ಎಳೆದವನು ಮರುದಿನ ಬೆಳಿಗ್ಗೆಯೂ ಕಣ್ಣು ಬಿಟ್ಟುಕೊಂಡೇ ಇರುತ್ತಾನೆ.

ಪತ್ರಿಕೆಯಲ್ಲಿ ದಿನಾ ಓದುವ ಎಂಡಿಎಂಎ ಇದೇ ಕುಟುಂಬದ್ದಾದರೂ ಬೇರೆ ವಸ್ತು. ನಮ್ಮ ಕಡೆ ಹರಳು ಕಂಡದ್ದಕ್ಕೆಲ್ಲ ಎಂಡಿಎಂಎ ಎನ್ನುವ ರೂಢಿ ಬಂದಿದೆ. ಎಂಡಿ ಎಂದರೆ ಅನೇಕ ಕಡೆ ಮೆಫೆಡ್ರೋನ್, ಅದು ಮತ್ತೊಂದು. ಯಾಬಾ ಎಂಬ ಕೆಂಪು ಮಾತ್ರೆಯಲ್ಲಿ ಮೆಥ್ ಜೊತೆ ಕೆಫೀನ್ ಬೆರೆತಿರುತ್ತದೆ. ಅದು ಹೆಚ್ಚಾಗಿ ಮ್ಯಾನ್ಮಾರ್ ಕಡೆಯಿಂದ ಬರುವ ಸರಕು.

ಹೆಸರು ಹೋಲುತ್ತದೆಂದು ಹೆದರಬೇಡಿ. ಮಿಥೈಲ್‌ಕೋಬಾಲಮಿನ್ ಅಂದರೆ ಬಿ12 ವಿಟಮಿನ್. ಅಜ್ಜಿಯ ಕಾಲುಜೋಮಿಗೆ ಡಾಕ್ಟರು ಬರೆದ ಆ ಮಾತ್ರೆಯ ಪಟ್ಟಿ ಹಿಡಿದು ಗಾಬರಿಯಿಂದ ಬಂದ ತಾಯಿಯೊಬ್ಬರನ್ನು ನಾನೇ ಕೂರಿಸಿ ನೀರು ಕೊಟ್ಟಿದ್ದೇನೆ. ಮಿಥೈಲ್‌ಫೆನಿಡೇಟ್ ಎಂಬುದು ಗಮನ ನಿಲ್ಲದ ಮಕ್ಕಳಿಗೆ ಮನೋವೈದ್ಯರು ಬರೆದುಕೊಡುವ ಔಷಧಿ. ಮೆಥಡೋನ್ ಅಂತೂ ಹೆರಾಯಿನ್ ಚಟ ಬಿಡಿಸಲು ಬಳಸುವಂಥದ್ದು.

2. ಕಂಡ ವಸ್ತುವನ್ನು ಮುಟ್ಟದೆ ನೋಡಿ

ಕ್ರಿಸ್ಟಲ್ ಮೆಥ್ ನೋಡಲು ಒಡೆದ ಗಾಜಿನ ಚೂರಿನಂತೆ, ಕಲ್ಲುಸಕ್ಕರೆಯಂತೆ ಇರುತ್ತದೆ. ಬಣ್ಣವಿಲ್ಲದ್ದು ಅಥವಾ ಮಸುಕು ಬಿಳಿ. ಪುಡಿಯೂ ಇರುತ್ತದೆ, ಕೆಲವೊಮ್ಮೆ ಹಳದಿ ಛಾಯೆಯದ್ದು. ರುಚಿ ಕಹಿ. ಇದನ್ನು ಹೇಳಿದ್ದು ನೀವು ನೆಕ್ಕಿ ನೋಡಬಾರದೆಂದು. "ನಾಲಿಗೆ ತುದಿಗೆ ತಾಗಿಸಿ ನೋಡಿದೆ, ಉಪ್ಪಲ್ಲ" ಎಂದು ಹೇಳುವವರು ಸಿಗುತ್ತಾರೆ, ಅದಕ್ಕೇ ಈ ಮಾತು.

ಮಲೆನಾಡಿನ ಮನೆಯಲ್ಲಂತೂ ಬಿಳಿ ಹರಳಿಗೆ ಬರವೇ ಇಲ್ಲ. ಅಡುಗೆ ಮನೆಯಲ್ಲಿ ಕಲ್ಲುಸಕ್ಕರೆ, ಹರಳುಪ್ಪು, ಅಜಿನೊಮೊಟೊ, ದೇವರ ಗೂಡಿನಲ್ಲಿ ಪಚ್ಚಕರ್ಪೂರ, ಬಚ್ಚಲಲ್ಲಿ ಪಟಿಕ, ಹೊಸ ಚಪ್ಪಲಿ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಗುಳಿಗೆ. ತೋಟದ ಕೋಣೆಗೆ ಹೋದರೆ ಮೆಗ್ನೀಸಿಯಂ ಸಲ್ಫೇಟ್, ಬೋರಾಕ್ಸ್, ನೀರಲ್ಲಿ ಕರಗುವ ಗೊಬ್ಬರ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ನೀಲಿ ಹರಳನ್ನು ಡ್ರಗ್ ಎಂದುಕೊಂಡು ನೆಕ್ಕಿದರೆ ಆಸ್ಪತ್ರೆ ಸೇರುವವರು ನೀವೇ.

ಹರಳಿಗಿಂತ ಅದರ ಸುತ್ತಲಿನ ಸಾಮಾನು ಹೆಚ್ಚು ಹೇಳುತ್ತದೆ. ತುದಿಯಲ್ಲಿ ಗುಂಡಗೆ ಉಬ್ಬಿದ ಸಣ್ಣ ಗಾಜಿನ ಕೊಳವೆ, ಒಳಗೆ ಬಿಳಿ ಅಥವಾ ಕಪ್ಪು ಕಲೆ. ಒಳಭಾಗ ತೆಗೆದು ಟೊಳ್ಳು ಮಾಡಿದ ಬಲ್ಬು. ಸುಟ್ಟ ಗೆರೆಗಳಿರುವ ಅಲ್ಯುಮಿನಿಯಂ ಹಾಳೆ. ತುಂಡು ಮಾಡಿದ ಸ್ಟ್ರಾ, ಸುರುಳಿ ಸುತ್ತಿದ ನೋಟು. ಬೀಡಿ ಸಿಗರೇಟು ಸೇದದವನ ಬಳಿ ಎರಡು ಮೂರು ಲೈಟರು. ಇವುಗಳಲ್ಲಿ ಒಂದೇ ಒಂದು ಸಿಕ್ಕರೆ ಏನನ್ನೂ ತೀರ್ಮಾನಿಸಬೇಡಿ. ಜಿಪ್ ಇರುವ ಪುಟ್ಟ ಪೊಟ್ಟಣದಲ್ಲಿ ಕಿವಿಯೋಲೆಯೂ ಬರುತ್ತದೆ. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಸಿರಿಂಜು ಇರುವುದು ಸಹಜ.

ಮೂಗನ್ನು ನಂಬಬೇಡಿ. ಗಾಂಜಾ ಸೇದಿ ಬಂದರೆ ಬಟ್ಟೆಯೇ ಹೇಳುತ್ತದೆ, ಕುಡಿದು ಬಂದರೆ ಬಾಯಿ ಹೇಳುತ್ತದೆ. ಮೆಥ್‌ಗೆ ಅಂಥ ವಾಸನೆ ಇಲ್ಲ. ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುವ ತಂದೆಯಂದಿರು ಇಲ್ಲಿ ಮೋಸ ಹೋಗುತ್ತಾರೆ.

ಒಂದು ಎಚ್ಚರಿಕೆ. ಪೊಟ್ಟಣವನ್ನು ಜೇಬಿಗಿಟ್ಟುಕೊಂಡು ನನ್ನ ಅಂಗಡಿಗೋ ಲ್ಯಾಬಿಗೋ ತರಬೇಡಿ. ಮಾದಕ ವಸ್ತು ಎಂದು ಗೊತ್ತಿದ್ದು ಹೊತ್ತು ತಿರುಗುವುದು 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ವಶದಲ್ಲಿಟ್ಟುಕೊಂಡ ಅಪರಾಧ. ಫೋಟೊವನ್ನು ಕುಟುಂಬದ ವಾಟ್ಸ್ಯಾಪ್ ಗುಂಪಿಗೂ ಹಾಕಬೇಡಿ. ಸಿಕ್ಕಿದ್ದು ಚಿಟಿಕೆಯಷ್ಟಲ್ಲ, ಕಟ್ಟುಗಟ್ಟಲೆ ಇದೆ ಎಂದಾದರೆ ಅದು ಬೇರೆಯೇ ಕಥೆ. ಮಾರಾಟದ ಸರಕಿರಬಹುದು, ಮೊದಲು ವಕೀಲರೊಬ್ಬರ ಜೊತೆ ಮಾತಾಡಿ.

3. ಹದಿನೈದು ದಿನದ ಹಾಳೆ ಬರೆಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಹಾಳೆಯಲ್ಲಿ ದಿನಕ್ಕೊಂದು ಸಾಲು. ಎಷ್ಟು ಹೊತ್ತಿಗೆ ಮಲಗಿದ, ಎಷ್ಟಕ್ಕೆ ಎದ್ದ, ಊಟ ಮಾಡಿದನೇ, ಮಾತು ಹೇಗಿತ್ತು, ದುಡ್ಡು ಕೇಳಿದನೇ. ಮೆಥ್ ಬಳಕೆಗೆ ಏರು ಇಳಿತದ ಒಂದು ತಾಳವಿದೆ. ಏರಿನಲ್ಲಿ ಒಂದು ರಾತ್ರಿಯಲ್ಲ, ಎರಡು ಮೂರು ರಾತ್ರಿ ನಿದ್ದೆ ಇಲ್ಲ. ಆದರೂ ಆಕಳಿಕೆ ಇಲ್ಲ. ಊಟ ಬೇಡ. ಮಾತು ಮಳೆಗಾಲದ ಹಳ್ಳದಂತೆ. ಬೈಕ್ ಬಿಚ್ಚಿ ಜೋಡಿಸುವುದು, ಕಪಾಟು ಮತ್ತೆ ಮತ್ತೆ ಜೋಡಿಸುವುದು, ಹೀಗೆ ಒಂದೇ ಕೆಲಸದಲ್ಲಿ ಗಂಟೆಗಟ್ಟಲೆ ಮುಳುಗಿರುತ್ತಾನೆ. ಆಮೇಲೆ ಇಳಿತ. ಒಂದೆರಡು ದಿನ ಕೊರಡಿನಂತೆ ನಿದ್ದೆ, ಎದ್ದರೆ ವಿಪರೀತ ಹಸಿವು, ಯಾರು ಮಾತಾಡಿಸಿದರೂ ಸಿಡುಕು ಅಥವಾ ಅಳು. ನಾಲ್ಕು ದಿನ ಸರಿ. ಮತ್ತೆ ಏರು. ಈ ತಾಳ ಹಾಳೆಯ ಮೇಲೆ ಎರಡು ಸಲ ಕಂಡರೆ ವೈದ್ಯರ ಬಳಿ ಹೋಗಲು ಅಷ್ಟು ಸಾಕು.

ಮೈಯಲ್ಲಿ ಕಾಣುವ ಗುರುತುಗಳೂ ಇವೆ. ಬೆಳಕಿನಲ್ಲೂ ಹಿಗ್ಗಿದ ಕಣ್ಣಿನ ಪಾಪೆ, ಚಳಿಯಲ್ಲೂ ಬೆವರು, ಒಣಗಿದ ಬಾಯಿ, ಹಲ್ಲು ಕಡಿಯುವುದು, ದವಡೆ ಅಲುಗಿಸುತ್ತಲೇ ಇರುವುದು, ಎರಡು ಮೂರು ತಿಂಗಳಲ್ಲಿ ಪ್ಯಾಂಟು ಸಡಿಲಾಗುವಷ್ಟು ತೂಕ ಇಳಿಕೆ. ಗಾಂಜಾದಲ್ಲಿ ಕಣ್ಣು ಕೆಂಪು, ಹಸಿವು ಜಾಸ್ತಿ, ನಡೆ ನಿಧಾನ. ಮೆಥ್‌ನಲ್ಲಿ ಹಸಿವೂ ನಿಧಾನವೂ ತಿರುಗುಮುರುಗು. ಹೆರಾಯಿನ್ ಜಾತಿಯ ವಸ್ತುವಾದರೆ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ.

ಇಲ್ಲಿ ನಮ್ಮ ಊರಿಗೇ ವಿಶೇಷವಾದ ಕೆಲವು ತಪ್ಪುಗಳಿವೆ. ಅಂತರ್ಜಾಲದಲ್ಲಿ ಮೆಥ್ ಬಳಸುವವರ ಹಾಳಾದ ಹಲ್ಲಿನ ಚಿತ್ರ ನೋಡಿ ಮಗನ ಬಾಯಿ ತೆರೆಸುತ್ತಾರೆ. ಎಲೆ ಅಡಿಕೆ, ಗುಟ್ಕಾ ಹಾಕುವವನ ಹಲ್ಲೂ ಕಪ್ಪಾಗಿ ಸವೆದಿರುತ್ತದೆ. ಬಾಯಿಯೇ ಪೂರ್ತಿ ತೆರೆಯಲಾಗದಿದ್ದರೆ ಅದು ಅಡಿಕೆಯಿಂದ ಬರುವ ಕಾಯಿಲೆ ಇರಬಹುದು, ದಂತವೈದ್ಯರಿಗೆ ತೋರಿಸಿ. ಮೈಮೇಲೆ ಹುಳ ಹರಿದಂತಾಗಿ ಕೆರೆದು ಗಾಯ ಮಾಡಿಕೊಳ್ಳುವುದು ಮೆಥ್‌ನ ಲಕ್ಷಣ ಹೌದು. ಆದರೆ ಮಳೆಗಾಲದಲ್ಲಿ ಉಂಬಳ ಕಚ್ಚಿದ, ಬೇಸಿಗೆಯಲ್ಲಿ ಉಣುಗು ಕಚ್ಚಿದ ಕಾಲೂ ಹಾಗೇ ಕಾಣುತ್ತದೆ. ಮೆಥ್‌ನ ಗಾಯ ಮುಖದ ಮೇಲೆ, ಮುಂಗೈ ಮೇಲೆ ಜಾಸ್ತಿ. ಇನ್ನು ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದವರ ಕಣ್ಣು, ನಿದ್ದೆ, ಸಿಡುಕು ಯಾವುದೂ ಲೆಕ್ಕಕ್ಕಿಲ್ಲ. ಆ ದಿನಗಳ ಹಾಳೆಯನ್ನು ಪಕ್ಕಕ್ಕಿಡಿ.

ನಿದ್ದೆ ಕಡಿಮೆ, ಮಾತು ಜಾಸ್ತಿ ಎಂಬುದು ಬೈಪೋಲಾರ್ ಎಂಬ ಮನೋರೋಗದಲ್ಲೂ ಇದೆ, ಥೈರಾಯ್ಡ್ ಹೆಚ್ಚಾದಾಗಲೂ ಇದೆ. ತೀರ್ಮಾನ ವೈದ್ಯರದ್ದು. ನಿಮ್ಮ ಕೆಲಸ ಬರೆದಿಡುವುದು ಮಾತ್ರ.

4. ಯಾರು, ಯಾಕೆ ಎಂದು ಯೋಚಿಸಿ

ಮೊದಲು ಅಳತೆ ತಿಳಿಯಲಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ದೇಶವ್ಯಾಪಿ ಸಮೀಕ್ಷೆಯಲ್ಲಿ 10ರಿಂದ 75 ವರ್ಷದವರ ಪೈಕಿ ಮದ್ಯ ಬಳಸುವವರು ಶೇ. 14.6, ಭಂಗಿ ಗಾಂಜಾ ಬಳಸುವವರು ಶೇ. 2.8. ಮೆಥ್ ಸೇರಿದ ಉತ್ತೇಜಕಗಳ ಗುಂಪು ಶೇ. 0.18. ಅಂದರೆ ಸಾವಿರಕ್ಕೆ ಇಬ್ಬರೂ ಇಲ್ಲ. ಶಿವಮೊಗ್ಗದ ಮನೆಯೊಂದರಲ್ಲಿ ಏನೋ ಸರಿಯಿಲ್ಲ ಎಂದಾದರೆ ಅದು ಮದ್ಯ ಅಥವಾ ಗಾಂಜಾ ಆಗಿರುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಮೆಥ್ ಯಾರ ಕೈಗೆ ಸೇರುತ್ತದೆ? "ಕೆಟ್ಟ ಸಹವಾಸ" ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಅದು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ಹೇಳಿದ ಮೇಲೆ ಯೋಚಿಸುವುದನ್ನೇ ನಿಲ್ಲಿಸಿಬಿಡುತ್ತೇವೆ. ಇದು ಮೋಜಿಗಿಂತ ಮೊದಲು ಎಚ್ಚರ ಇರಲು ಬಳಕೆಯಾದ ವಸ್ತು. 1893ರಲ್ಲಿ ಜಪಾನಿನ ನಾಗಾಯಿ ನಾಗಾಯೋಷಿ ಇದನ್ನು ಮೊದಲು ತಯಾರಿಸಿದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸೈನಿಕರಿಗೆ ಪರ್ವಿಟಿನ್ ಎಂಬ ಹೆಸರಲ್ಲಿ, ಜಪಾನಿನವರಿಗೆ ಫಿಲೊಪಾನ್ ಎಂಬ ಹೆಸರಲ್ಲಿ ಕೊಟ್ಟರು. ಯುದ್ಧ ಮುಗಿದ ಮೇಲೆ ಅದು ಜಪಾನಿನಲ್ಲಿ ಎಷ್ಟು ಹರಡಿತೆಂದರೆ 1951ರಲ್ಲಿ ಬಿಗಿ ಕಾನೂನೇ ತರಬೇಕಾಯಿತು. ಥಾಯ್ಲೆಂಡಿನಲ್ಲಿ ಲಾರಿ ಚಾಲಕರು ನುಂಗುತ್ತಿದ್ದ ಮಾತ್ರೆಗೆ ಮೊದಲು ಕುದುರೆ ಮದ್ದು ಎಂಬ ಹೆಸರಿತ್ತು, ಆಮೇಲೆ ಯಾಬಾ, ಅಂದರೆ ಹುಚ್ಚು ಮದ್ದು ಎಂದಾಯಿತು.

ಆ ಕಾರಣ ಇವತ್ತೂ ಹಾಗೇ ಇದೆ. ಬೆಂಗಳೂರಿಗೋ ಮಂಗಳೂರಿಗೋ ಓದಲು ಹೋದ ಹುಡುಗನಿಗೆ ಪರೀಕ್ಷೆಗೆ ನಾಲ್ಕು ದಿನ ಇರುವಾಗ ರೂಮಿನವನು "ಇದು ತಗೊ, ನಿದ್ದೆ ಬರಲ್ಲ" ಎನ್ನುತ್ತಾನೆ. ಅಮೆರಿಕದ ಹೊತ್ತಿಗೆ ತಕ್ಕಂತೆ ರಾತ್ರಿ ಪಾಳಿ ಮಾಡುವವನಿದ್ದಾನೆ, ರಾತ್ರಿಯಿಡೀ ಲೋಡು ಹೊತ್ತು ಓಡಿಸುವ ಚಾಲಕನಿದ್ದಾನೆ. ಹಸಿವು ಸಾಯುವುದರಿಂದ ತೂಕ ಇಳಿಸಲು ಬಳಸುವವರಿದ್ದಾರೆ, ಅವರಲ್ಲಿ ಹುಡುಗಿಯರೂ ಇದ್ದಾರೆ. ಗುಂಪಿನಲ್ಲಿ ಬಾಯಿ ಬಿಡಲಾರದ ನಾಚಿಕೆ ಸ್ವಭಾವದವನಿಗೆ ಮೊದಲ ಸಲ ಮಾತು ಬಂದಂತಾಗುತ್ತದೆ. ಲೈಂಗಿಕ ಹೊತ್ತನ್ನು ಹಿಗ್ಗಿಸಲು ಬಳಸುವುದೂ ಉಂಟು. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ವೈದ್ಯರ ಬಳಿ ಒಬ್ಬನೇ ಕೂತಾಗ ಹೇಳಬಹುದು. ಒಳಗೊಳಗೇ ಖಿನ್ನತೆ ಇರುವವನು, ಚಿಕ್ಕಂದಿನಿಂದ ಗಮನ ನಿಲ್ಲದೆ ದಡ್ಡ ಎನಿಸಿಕೊಂಡವನು ಇದನ್ನು ತನ್ನ ಮದ್ದೆಂದೇ ತಿಳಿಯುತ್ತಾನೆ. ವಾರಾಂತ್ಯಕ್ಕೆ ಹೋಂಸ್ಟೇಗೆ ಬಂದು ಮೋಜಿಗಾಗಿ ಎಳೆಯುವವರೂ ಇದ್ದಾರೆ, ಅವರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ನಿಮ್ಮ ಹಾಳೆಯ ಹಿಂಬದಿಯಲ್ಲಿ ಒಂದು ಸಾಲು ಬರೆಯಿರಿ: ಇವನಿಗೆ ಇದರಿಂದ ಸಿಗುತ್ತಿರುವುದೇನು? ಎಚ್ಚರವೇ, ಧೈರ್ಯವೇ, ಮರೆವೇ? ಚಿಕಿತ್ಸೆ ಆ ಉತ್ತರದ ಮೇಲೆ ನಿಂತಿದೆ. ಪರೀಕ್ಷೆಯ ಭಯಕ್ಕೆ ಎಳೆದವನನ್ನು ಮನೆಯಲ್ಲಿ ಕೂಡಿಹಾಕಿದರೆ ಭಯ ಅಲ್ಲೇ ಇರುತ್ತದೆ.

5. ಮಾತಾಡಿ, ಆದರೆ ಹೊತ್ತು ನೋಡಿ

ಏರಿನಲ್ಲಿದ್ದಾಗ ಬೇಡ, ಆಗ ಅನುಮಾನ ಜಾಸ್ತಿ, ನಿಮ್ಮ ಮಾತೆಲ್ಲ ಪಿತೂರಿಯಂತೆ ಕೇಳಿಸುತ್ತದೆ. ಇಳಿತದ ಮೊದಲ ದಿನವೂ ಬೇಡ, ಮಲಗಲಿ. ನಿದ್ದೆ ಮಾಡಿ, ಉಂಡು, ಮುಖಕ್ಕೆ ಸ್ವಲ್ಪ ಕಳೆ ಬಂದ ಮೇಲೆ ತೋಟದ ಕಡೆ ಒಂದು ಸುತ್ತು ಹೋಗೋಣ ಬಾ ಎಂದು ಕರೆಯಿರಿ. ಎದುರುಬದುರು ಕೂತು ವಿಚಾರಣೆ ನಡೆಸುವುದಕ್ಕಿಂತ ಜೊತೆಗೆ ನಡೆಯುತ್ತಾ ಆಡುವ ಮಾತು ಹಗುರ.

"ಅಪ್ಪಿ, ನೀ ಸರಿಯಾಗಿ ಮಲಗಿ ಎಷ್ಟು ದಿನ ಆತು? ಬೈಯಕ್ಕಲ್ಲ ಕೇಳ್ತಿರದು" ಎಂದು ನಿದ್ದೆಯಿಂದಲೇ ಶುರು ಮಾಡಿ. ಕಂಡದ್ದನ್ನು ಹೇಳಿ: ಬುಧವಾರ ಮಲಗಲಿಲ್ಲ, ಗುರುವಾರವೂ ಮಲಗಲಿಲ್ಲ. "ನೀನು ಡ್ರಗ್ಸ್ ತಗೊಳ್ತೀಯಾ?" ಎಂದು ಕೇಳಿದರೆ ಬರುವ ಉತ್ತರ ನಿಮಗೂ ಗೊತ್ತು.

ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು ನಮ್ಮಲ್ಲಿ ರೂಢಿ. ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಆಣೆ ಮುರಿದವನು ಆಮೇಲೆ ನಿಮ್ಮಿಂದ ಮುಚ್ಚಿಡುತ್ತಾನೆ, ಆಸ್ಪತ್ರೆಗೂ ಬರುವುದಿಲ್ಲ. ಆಣೆಗಿಂತ ಮೊದಲು ವೈದ್ಯರ ಭೇಟಿ ಆಗಲಿ.

ಕದ್ದು ಮೂತ್ರ ಪರೀಕ್ಷೆ ಮಾಡುವ ಪಟ್ಟಿ ಕೇಳುವವರಿಗೆ ನಾನು ಬೇಡ ಎನ್ನುತ್ತೇನೆ. ಮೆಥ್ ಮೂತ್ರದಲ್ಲಿ ಸಾಮಾನ್ಯವಾಗಿ 3–4 ದಿನ ಮಾತ್ರ ಕಾಣುತ್ತದೆ, ಹಾಗಾಗಿ ಇಲ್ಲ ಎಂದು ಬಂದರೆ ಬಳಸಿಲ್ಲ ಎಂದಲ್ಲ. ಸೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆ, ಲ್ಯಾಬೆಟಲಾಲ್ ಎಂಬ ಬಿಪಿ ಮಾತ್ರೆ, ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನ್ ನುಂಗಿದ್ದರೂ ಹೌದು ಎಂದು ಬರಬಹುದು. ಪಟ್ಟಿ ಬರೀ ಸೂಚನೆ. ಖಚಿತ ಹೇಳಲು ದೊಡ್ಡ ಲ್ಯಾಬ್ ಬೇಕು.

6. ತುರ್ತು ಹೊತ್ತಿಗೆ ಈಗಲೇ ಸಿದ್ಧರಾಗಿ

ಎದೆನೋವು, ಕೈಯಿಟ್ಟರೆ ಸುಡುವಷ್ಟು ಮೈ ಬಿಸಿ, ಫಿಟ್ಸ್, ತಡೆಯಲಾರದ ತಲೆನೋವು, ಮುಖ ಓರೆಯಾಗುವುದು, ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂದು ಓಡುವುದು: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಹೆರಾಯಿನ್ ಜಾತಿಯವಕ್ಕೆ ಇರುವಂತೆ ಮೆಥ್ ಇಳಿಸುವ ಪ್ರತಿಮದ್ದು ಇಲ್ಲ. ಮಜ್ಜಿಗೆ, ನಿಂಬೆಹುಳಿಗೆ ಇದು ಜಗ್ಗುವುದಿಲ್ಲ. ಆಂಬ್ಯುಲೆನ್ಸ್ ಬರುವ ತನಕ ಅಂಗಿ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕಿ, ಗದ್ದಲ ಕಡಿಮೆ ಮಾಡಿ. ಎಚ್ಚರ ತಪ್ಪಿದ್ದರೆ ಮಗ್ಗುಲಿಗೆ ಮಲಗಿಸಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಕಟ್ಟಿ ಹಾಕುವುದೂ ಬೇಡ. ಒದ್ದಾಡಿದಷ್ಟೂ ಮೈ ಬಿಸಿ ಏರುತ್ತದೆ. ಉಳಿದಿರುವ ನಿದ್ದೆ ಮಾತ್ರೆ ಕೊಟ್ಟು ಮಲಗಿಸುವ ಸಾಹಸ ಮಾಡಬೇಡಿ. ಆಸ್ಪತ್ರೆಯಲ್ಲಿ ಏನು ತೆಗೆದುಕೊಂಡಿರಬಹುದೆಂದು ಮುಚ್ಚಿಡದೆ ಹೇಳಿ.

ಘಟ್ಟದ ಮೇಲಿನ ಮನೆಗಳಿಗೆ ಇನ್ನೊಂದು ಮಾತು. ನಿಮ್ಮ ಅಂಗಳದ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ, ಮಳೆಗಾಲದ ರಾತ್ರಿ ಯಾರ ಜೀಪು ಹೊರಡುತ್ತದೆ ಎಂಬುದು ಮೊದಲೇ ಗೊತ್ತಿರಲಿ.

ಇಳಿತದ ದಿನಗಳಲ್ಲಿ ಮನಸ್ಸು ಪಾತಾಳಕ್ಕಿಳಿಯುತ್ತದೆ, ಸಾಯುವ ಯೋಚನೆ ಬರಬಹುದು. ತೋಟದ ಕೋಣೆಯಲ್ಲಿರುವ ಕೀಟನಾಶಕ, ಕಳೆನಾಶಕಕ್ಕೆ ಇವತ್ತೇ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇರಲಿ. ಲೈಸೆನ್ಸಿನ ಕೋವಿ ಇದ್ದರೆ ಅದನ್ನು ಮನೆಯಿಂದ ಆಚೆ ಇಡುವ ದಾರಿ ಠಾಣೆಯಲ್ಲಿ ಕೇಳಿ.

7. ಎಲ್ಲಿಗೆ ಹೋಗಬೇಕು

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗ. ಪೇಟೆಗೆ ಬರಲಾಗದವರು ತಾಲ್ಲೂಕು ಆಸ್ಪತ್ರೆಯಲ್ಲಿ "ಮನೋಚೈತನ್ಯ ಕ್ಲಿನಿಕ್ ಯಾವತ್ತು?" ಎಂದು ಕೇಳಿ, ಮನೋವೈದ್ಯರು ತಾಲ್ಲೂಕಿಗೇ ಬಂದು ನೋಡುವ ಏರ್ಪಾಡು ಅದು. ಜಾಸ್ತಿ ಆಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಫೋನಿನಲ್ಲಾದರೆ ಮಾದಕ ವ್ಯಸನಕ್ಕೆ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಮೆಥ್ ಬಿಡಿಸಲೆಂದೇ ಒಪ್ಪಿಗೆ ಪಡೆದ ಮಾತ್ರೆ ಯಾವುದೂ ಇಲ್ಲ. ಕೆಲಸಕ್ಕೆ ಬರುವುದು ಆಪ್ತಸಮಾಲೋಚನೆ, ಆಸೆ ಹುಟ್ಟಿಸುವ ಸಂದರ್ಭವನ್ನು ಗುರುತಿಸಿ ದಾಟುವ ಅಭ್ಯಾಸ, ಬಿಟ್ಟ ದಿನಗಳಿಗೆ ಸಣ್ಣ ಬಹುಮಾನ ಕೊಡುವ ಪದ್ಧತಿ, ಜೊತೆಗಿರುವ ಖಿನ್ನತೆಗೆ ಔಷಧಿ. ತಿಂಗಳುಗಳೇ ಹಿಡಿಯುತ್ತವೆ. ಮಧ್ಯೆ ಒಮ್ಮೆ ಜಾರಿದ ಎಂದರೆ ಎಲ್ಲ ವ್ಯರ್ಥವಾಯಿತೆಂದಲ್ಲ, ವೈದ್ಯರಿಗೆ ಹೇಳಿ.

ಹಾಗಾಗಿ "ಊಟದಲ್ಲಿ ಗೊತ್ತಾಗದಂತೆ ಬೆರೆಸಿ, ಹದಿನೈದು ದಿನದಲ್ಲಿ ಚಟ ಮಾಯ" ಎಂಬ ಪುಡಿಗಳನ್ನು ನಂಬಬೇಡಿ. ಒಳಗೇನಿದೆಯೋ ಯಾರಿಗೂ ಗೊತ್ತಿಲ್ಲ. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಇದೆಯೇ, ಮನೋವೈದ್ಯರು ಯಾವ ದಿನ ಬರುತ್ತಾರೆ, ಮನೆಯವರು ಭೇಟಿಯಾಗಬಹುದೇ ಎಂದು ಕೇಳಿ. ಮೂರು ತಿಂಗಳು ಮುಖ ನೋಡುವಂತಿಲ್ಲ ಎನ್ನುವಲ್ಲಿಂದ ವಾಪಸು ಬನ್ನಿ.

8. ಕಾನೂನು ಎಷ್ಟು ಗೊತ್ತಿರಬೇಕೋ ಅಷ್ಟು

ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂಬ ಹೆದರಿಕೆಯಿಂದಲೇ ಬಹಳ ಮನೆಗಳು ತಡ ಮಾಡುತ್ತವೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಓದಿ ಹೇಳುತ್ತಿದ್ದೇನೆ: ವ್ಯಸನಿಯೊಬ್ಬ ಬಳಕೆಯ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸುತ್ತಿದ್ದರೂ, ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಮೆಥ್‌ಗೆ ಸಣ್ಣ ಪ್ರಮಾಣವೆಂದರೆ 2 ಗ್ರಾಂ, ವಾಣಿಜ್ಯ ಪ್ರಮಾಣ 50 ಗ್ರಾಂ. ಎಂಡಿಎಂಎ ಆದರೆ ಅರ್ಧ ಗ್ರಾಂ ಮತ್ತು 10 ಗ್ರಾಂ. 2 ಗ್ರಾಂ ತನಕ ಇಟ್ಟುಕೊಳ್ಳಬಹುದು ಎಂದು ಯಾರೋ ಹುಡುಗರಿಗೆ ಹೇಳಿಕೊಟ್ಟಿದ್ದಾರೆ. ಸುಳ್ಳು. ಅದೂ ಅಪರಾಧವೇ, ಶಿಕ್ಷೆ ಕಡಿಮೆ ಅಷ್ಟೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ.

ಹೋಂಸ್ಟೇ, ಪಿಜಿ ನಡೆಸುವವರು 25ನೇ ಕಲಂ ನೋಡಿಕೊಳ್ಳಿ. ಗೊತ್ತಿದ್ದೂ ನಿಮ್ಮ ಜಾಗದಲ್ಲಿ ಬಿಟ್ಟರೆ ಆ ಅಪರಾಧದ ಶಿಕ್ಷೆ ನಿಮಗೂ ಬರುತ್ತದೆ. ಮಾರಾಟದ ಮಾಹಿತಿ ಇದ್ದರೆ 1933 ಸಹಾಯವಾಣಿಗೆ ಕರೆ ಮಾಡಿ ತಿಳಿಸಬಹುದು, ಹೆಸರು ಹೇಳಬೇಕೆಂದಿಲ್ಲ.

ಇಷ್ಟು ಓದಿಯೂ ಅನುಮಾನ ಉಳಿದರೆ ಹದಿನೈದು ದಿನದ ಹಾಳೆ ಹಿಡಿದು ಅಂಗಡಿಗೆ ಬನ್ನಿ, ಯಾವ ವೈದ್ಯರ ಬಳಿ ಮೊದಲು ಹೋಗಬೇಕೆಂದು ಹೇಳುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕು ಗಿರಾಕಿ ಕಡಿಮೆ. ಭಾನುವಾರ ಬಾಗಿಲು ಮುಚ್ಚಿರುತ್ತದೆ. 14416 ಆ ದಿನವೂ, ರಾತ್ರಿಯೂ ಇರುತ್ತದೆ.